ಸೂರ್ಯಕಾಂತಿ ನಿಮ್ಮತ್ತ ಮುಖ ಮಾಡಿರುವಾಗಲೇ ಗುಂಡ್ಲುಪೇಟೆ ತಲುಪುವುದು ಹೇಗೆ?

ಯುಗಾದಿ ಕಳೆದು ಒಂದೆರಡು ವಾರವಾಗುತ್ತಿದ್ದಂತೆ ಪರಿಚಿತರಲ್ಲಿ ಯಾರಾದರೊಬ್ಬರು ಕರೆ ಮಾಡುತ್ತಾರೆ. ‘ಈ ಶನಿವಾರ ಮನೆಮಂದಿಯೆಲ್ಲ ಗುಂಡ್ಲುಪೇಟೆಗೆ ಹೊರಟಿದ್ದೇವೆ, ಸೂರ್ಯಕಾಂತಿ ಹೊಲ ಯಾವ ಕಡೆ ಸಿಗುತ್ತದೆ?’ ವಸಂತ ಬಂತು, ಹೂವೂ ಬಂದಿರಬೇಕು ಎಂಬ ಲೆಕ್ಕ ಅವರದು. ಚೈತ್ರದಲ್ಲಿ ಹೊಂಗೆ ಚಿಗುರುತ್ತದೆ, ಮಾವು ಕಾಯಿ ಬಿಡುತ್ತದೆ, ನಿಜ. ಆದರೆ ಗುಂಡ್ಲುಪೇಟೆಯ ಮಳೆಯಾಶ್ರಿತ ಹೊಲಗಳಲ್ಲಿ ಆಗ ಇರುವುದು ಉತ್ತ ಮಣ್ಣು ಮಾತ್ರ. ಇಲ್ಲಿಯ ಹೂವಿನ ಕಾಲ ವಸಂತವಲ್ಲ, ಆಷಾಢ.

ಸರಿಯಾದ ತಿಂಗಳಿಗೆ ಬಂದವರೂ ಕೆಡಿಸಿಕೊಳ್ಳುತ್ತಾರೆ. ಜುಲೈ ಭಾನುವಾರಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ, ಸಾವಿರಾರು ಹೂವುಗಳ ಬೆನ್ನಿಗೆ ನಿಂತು ಫೋಟೊ ತೆಗೆದು, ಬಿಸಿಲಿಗೆ ಸೋತ ಮಕ್ಕಳನ್ನು ಗದರಿಸುತ್ತ ಹಿಂದಿರುಗುವ ಕುಟುಂಬಗಳನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟು ದೂರ ಬಂದವರಿಗೆ ಹೂವಿನ ಮುಖವೇ ಕಾಣಲಿಲ್ಲವಲ್ಲ ಎಂದು ಮನಸ್ಸಿಗೆ ಕಷ್ಟವಾಗುತ್ತದೆ. ಅದಕ್ಕೇ ಈ ಬರಹ.

ಮೊದಲನೆಯದು: ವಾರ ಗೊತ್ತು ಮಾಡಿಕೊಳ್ಳಿ

ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ‘ಜೂನ್‌ನಿಂದ ಆಗಸ್ಟ್’ ಎಂಬ ಪ್ರವಾಸಿ ಲೆಕ್ಕ ಸುಳ್ಳಲ್ಲ, ಆದರೆ ಅದನ್ನು ನಂಬಿ ಹೊರಟರೆ ಅರ್ಧ ಜನ ಮೋಸ ಹೋಗುತ್ತಾರೆ. ಸೂರ್ಯಕಾಂತಿ ಬಿತ್ತಿದ 55ರಿಂದ 65 ದಿನಕ್ಕೆ ಹೂ ಬಿಡುತ್ತದೆ. ಒಂದು ಹೊಲ ನೋಡುವ ಹಾಗಿರುವುದು ಹೆಚ್ಚೆಂದರೆ ಹತ್ತು ದಿನ. ಆಮೇಲೆ ಕಾಳು ಕಟ್ಟುತ್ತದೆ, ದಳ ಬಾಡುತ್ತದೆ, ತೆನೆ ನೆಲದತ್ತ ಬಾಗುತ್ತದೆ.

ಹಾಗಾಗಿ ಲೆಕ್ಕವನ್ನು ಕ್ಯಾಲೆಂಡರಿನಿಂದಲ್ಲ, ಮಳೆಯಿಂದ ಶುರು ಮಾಡಬೇಕು. ಈ ಭಾಗದ ರೈತರು ಮುಂಗಾರು ಪೂರ್ವದ ಮಳೆಗೇ ಬಿತ್ತುತ್ತಾರೆ. ಏಪ್ರಿಲ್ ಕೊನೆಗೆ ಹಿಡಿಯುವ ಭರಣಿ ಮಳೆ ಹದವಾಗಿ ಬಿದ್ದರೆ ಆಗಲೇ ಬಿತ್ತನೆ. ಅದು ಕೈಕೊಟ್ಟರೆ ಕೃತ್ತಿಕಾ ಮಳೆಗೆ ಕಾಯುತ್ತಾರೆ. ಮೇ ಮೊದಲ ವಾರದಲ್ಲಿ ಬಿತ್ತಿದ ಹೊಲ ಜುಲೈ ಮೊದಲ ವಾರಕ್ಕೆ ಅರಳುತ್ತದೆ, ಮೇ ಕೊನೆಯಲ್ಲಿ ಬಿತ್ತಿದ್ದು ಜುಲೈ ಕೊನೆಗೆ. ಬೇಸಿಗೆಯಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಒಳ್ಳೆಯ ಮಳೆ ಬಿತ್ತೆಂದು ಪತ್ರಿಕೆಯಲ್ಲಿ ಓದಿದ ದಿನವೇ ಗುರುತು ಹಾಕಿಕೊಳ್ಳಿ, ಅಲ್ಲಿಂದ ಅರವತ್ತು ದಿನ ಎಣಿಸಿ. ನಾನು ಅಡುಗೆಮನೆಯ ಪಂಚಾಂಗದ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ.

ಹೊರಡುವ ಎರಡು ದಿನ ಮೊದಲು ಆ ಕಡೆಯ ಯಾರನ್ನಾದರೂ ಕೇಳಿ. ಬಂಧುಗಳಿಲ್ಲದಿದ್ದರೆ ನೀವು ಉಳಿಯುವ ವಸತಿಗೃಹದವರನ್ನೇ ವಿಚಾರಿಸಬಹುದು. ‘ಹೂ ಇದೆಯೇ’ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ‘ತೆನೆ ತಲೆ ಬಾಗಿದೆಯೇ, ಇನ್ನೂ ನೆಟ್ಟಗಿದೆಯೇ’ ಎಂದು ಕೇಳಿ. ಬಾಗಿದೆ ಎಂದರೆ ಆ ಹೊಲ ಮುಗಿಯಿತು. ಮಧ್ಯದ ಬಟ್ಟಲು ಇನ್ನೂ ಹಸಿರಾಗಿದೆ ಎಂದರೆ ಧೈರ್ಯವಾಗಿ ಹೊರಡಿ, ಹೂವು ಹೊರಸುತ್ತಿನಿಂದ ಒಳಕ್ಕೆ ಅರಳುತ್ತ ಹೋಗುತ್ತದೆ. ಜಾಲತಾಣದಲ್ಲಿ ಹರಿದಾಡುವ ಚಿತ್ರಗಳನ್ನು ನಂಬಬೇಡಿ, ಎಷ್ಟೋ ಹಿಂದಿನ ವರ್ಷಗಳವು. ‘ಲೊಕೇಶನ್ ಕಳಿಸುತ್ತೇನೆ’ ಎನ್ನುವ ಸ್ನೇಹಿತರ ಮಾತಿಗೂ ಬೆಲೆ ಕಡಿಮೆ. ಈ ವರ್ಷ ಸೂರ್ಯಕಾಂತಿ ಇದ್ದ ಹೊಲದಲ್ಲಿ ಮುಂದಿನ ವರ್ಷ ಹತ್ತಿಯೋ ಜೋಳವೋ ಇರುತ್ತದೆ.

ದಿನ ಹೊಂದದೆ ಹೋದರೆ ಚೆಂಡು ಹೂವಿದೆ. ಅದನ್ನು ಮತ್ತೆ ಮತ್ತೆ ಬಿಡಿಸುವುದರಿಂದ ಒಂದೇ ಹೊಲ ವಾರಗಟ್ಟಲೆ ಕಿತ್ತಳೆ ಬಣ್ಣದಲ್ಲಿರುತ್ತದೆ. ಇಲ್ಲಿ ಬೆಳೆಯುವ ಚೆಂಡು ಹೂವಿನಲ್ಲಿ ಬಹಳಷ್ಟು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಓಣಂ ಹತ್ತಿರ ಬಂದಂತೆ ಪೂಕ್ಕಳಂ ಎಂಬ ಹೂವಿನ ರಂಗೋಲಿಗಾಗಿ ಕೇರಳಕ್ಕೂ ಹೋಗುತ್ತದೆ. ಆದರೆ ಹಿಂದಿನ ದಿನವೇ ಕೊಯ್ಲಾದ ಹೊಲದಲ್ಲಿ ಬರೀ ಹಸಿರು ಉಳಿದಿರುತ್ತದೆ. ಸಿಕ್ಕಿದರೆ ಸಂತೋಷ ಎಂದುಕೊಂಡೇ ಹೋಗಿ.

ಎರಡನೆಯದು: ಶನಿವಾರ ಮಧ್ಯಾಹ್ನವೇ ಹೊರಡಿ

ಬೆಂಗಳೂರಿನಿಂದ ಗುಂಡ್ಲುಪೇಟೆಗೆ ಸುಮಾರು 200 ಕಿಲೋಮೀಟರ್. ಭಾನುವಾರ ಬೆಳಗಿನ ಜಾವ ಎದ್ದು ಒಂದೇ ದಿನದಲ್ಲಿ ಹೋಗಿಬರುತ್ತೇವೆ ಎನ್ನುವವರು ಆರಕ್ಕೆ ಹೊರಡಬೇಕೆಂದುಕೊಂಡು ಎಂಟಕ್ಕೆ ಹೊರಡುತ್ತಾರೆ. ಮಕ್ಕಳು, ಅಜ್ಜಿ, ಊಟದ ಡಬ್ಬಿ ಎಲ್ಲ ಇರುವ ಮನೆಯಲ್ಲಿ ಅದು ಸಹಜ. ಹೂವಿಗೆ ಬೇಕಾದ ಹೊತ್ತು ಅಷ್ಟರಲ್ಲಿ ಕೈತಪ್ಪಿರುತ್ತದೆ. ಶನಿವಾರ ಊಟ ಮುಗಿಸಿ ಹೊರಡಿ, ರಾತ್ರಿ ಮೈಸೂರು ಅಥವಾ ನಂಜನಗೂಡಿನಲ್ಲಿ ಮಲಗಿ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನ ಸಾಗರದಂತೆ ಬರುತ್ತಾರೆ, ಆದ್ದರಿಂದ ಮೈಸೂರಿನಲ್ಲಿ ಕೋಣೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನ ಆಯ್ಕೆ ನಂಜನಗೂಡು. ಸಂಜೆ ಶ್ರೀಕಂಠೇಶ್ವರನ ದರ್ಶನವಾಗುತ್ತದೆ, ಕಪಿಲೆಯ ದಡದಲ್ಲಿ ಹಿರಿಯರು ಕಾಲು ಚಾಚಿ ಕೂರಬಹುದು, ಮರುದಿನದ ದಾರಿ 35 ಕಿಲೋಮೀಟರ್‌ಗೆ ಇಳಿಯುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. 2023ರಿಂದ ಊರುಗಳನ್ನೆಲ್ಲ ಬೈಪಾಸ್ ಮಾಡಿಕೊಂಡು ಹೋಗುತ್ತದೆ, ಆದ್ದರಿಂದ ಕಾಫಿ, ಶೌಚಾಲಯಕ್ಕೆ ನಿಲ್ಲುವ ಜಾಗವನ್ನು ಮೊದಲೇ ಯೋಚಿಸಿಕೊಳ್ಳಿ.

ಮೂರನೆಯದು: ಹೊಲದ ಯಾವ ಪಕ್ಕ?

ನಿಧಾನವಾಗಿ ಓದಿಕೊಳ್ಳಬೇಕಾದ ಭಾಗ ಇದು. ಸೂರ್ಯಕಾಂತಿ ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಹಾಗೆ ತಿರುಗುವುದು ಎಳೆಯ ಗಿಡ, ಮೊಗ್ಗಿನ ಹಂತದವರೆಗೆ ಮಾತ್ರ. ಪೂರ್ತಿ ಅರಳಿದ ಹೂವು ಪೂರ್ವಕ್ಕೆ ಮುಖ ಮಾಡಿ ಅಲ್ಲೇ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಹೂವಿನ ಮುಖ ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಿನ ಹೂವಿಗೆ ಜೇನು ಹೆಚ್ಚು ಬರುತ್ತದೆ ಎಂಬುದನ್ನು ವಿಜ್ಞಾನಿಗಳು 2016ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಂದರೆ ಅರಳಿದ ಹೊಲದ ಪೂರ್ವದ ಬದುವಿನ ಮೇಲೆ ನಿಂತರೆ ಅಷ್ಟೂ ಹೂವು ನಿಮ್ಮನ್ನೇ ನೋಡುತ್ತವೆ. ಪಶ್ಚಿಮದಲ್ಲಿ ನಿಂತರೆ ಕಾಣುವುದು ಹಸಿರು ಬೆನ್ನು, ಯಾವ ಗಂಟೆಗೆ ಹೋದರೂ ಅಷ್ಟೇ.

ಈಗ ದಾರಿಯನ್ನು ನೋಡಿ. ನಂಜನಗೂಡಿನಿಂದ ಬೇಗೂರಿನ ಮೇಲೆ ಗುಂಡ್ಲುಪೇಟೆಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ ಸಾಗುತ್ತದೆ. ಹೋಗುವಾಗ ನಿಮ್ಮ ಎಡಗಡೆ ಪೂರ್ವ, ಬಲಗಡೆ ಪಶ್ಚಿಮ. ಎಡಗಡೆಯ ಹೊಲಗಳು ರಸ್ತೆಗೆ ಬೆನ್ನು ಹಾಕಿರುತ್ತವೆ, ಬಲಗಡೆಯವು ರಸ್ತೆಗೆ ಮುಖ ಮಾಡಿರುತ್ತವೆ. ಜನ ಎಡವುವುದು ಇಲ್ಲಿಯೇ. ನಮ್ಮ ವಾಹನ ಎಡಕ್ಕೆ ನಿಲ್ಲುತ್ತದೆ, ಮಕ್ಕಳು ಇಳಿದು ಎಡಗಡೆಯ ಹೊಲಕ್ಕೆ ಓಡುತ್ತಾರೆ, ಬೆನ್ನಿನ ಫೋಟೊ ಬರುತ್ತದೆ. ಇಲ್ಲವೆ ಬಲಗಡೆ ಚೆನ್ನಾಗಿದೆಯೆಂದು ಕೇರಳದತ್ತ ಧಾವಿಸುವ ಲಾರಿಗಳ ನಡುವೆ ಅಜ್ಜಿಯ ಕೈಹಿಡಿದು ರಸ್ತೆ ದಾಟುತ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಎದೆ ನಡುಗುತ್ತದೆ.

ನಾನು ಮಾಡುವುದು ಹೀಗೆ. ಬೆಳಿಗ್ಗೆ ಐದೂಮುಕ್ಕಾಲಿಗೆ ನಂಜನಗೂಡು ಬಿಟ್ಟು ಎಲ್ಲಿಯೂ ನಿಲ್ಲದೆ ಗುಂಡ್ಲುಪೇಟೆಗೆ ಹೋಗುತ್ತೇನೆ. ಹೋಗುವಾಗ ಬಲಗಡೆಯ ಒಳ್ಳೆಯ ಹೊಲಗಳನ್ನು ಹಿಂದೆ ಕುಳಿತ ಮಕ್ಕಳು ಗುರುತು ಹಾಕಿಕೊಳ್ಳಬೇಕು: ಕಿಲೋಮೀಟರ್ ಕಲ್ಲು, ತೆಂಗಿನ ತೋಟ, ಪಂಪ್‌ಸೆಟ್ ಮನೆ. ಅವರಿಗೆ ಅದಕ್ಕಿಂತ ಪ್ರಿಯವಾದ ಕೆಲಸ ಇನ್ನೊಂದಿಲ್ಲ. ಗುಂಡ್ಲುಪೇಟೆಯಲ್ಲಿ ಬಿಸಿ ಇಡ್ಲಿ ತಿಂದು, ಏಳೂವರೆಗೆ ಬಂದ ದಾರಿಯಲ್ಲೇ ಬೇಗೂರಿನತ್ತ ಹಿಂದಿರುಗುತ್ತೇವೆ. ಈಗ ಅದೇ ಹೊಲಗಳು ನಮ್ಮ ಎಡಕ್ಕಿವೆ, ನಮ್ಮತ್ತಲೇ ನೋಡುತ್ತಿವೆ. ಸೂರ್ಯ ನಮ್ಮ ಬೆನ್ನಿಗಿದ್ದಾನೆ, ಬೆಳಕು ಹೂವಿನ ಮುಖದ ಮೇಲೆ ಬಿದ್ದಿದೆ. ರಸ್ತೆ ದಾಟುವ ಪ್ರಮೇಯವೇ ಇಲ್ಲ.

ಟಾರಿನ ಅಂಚಿನಲ್ಲಿ ಅರ್ಧ ಕಾರು ನಿಲ್ಲಿಸುವುದು ಬೇಡವೇ ಬೇಡ. ಹಳ್ಳಿಗೆ ತಿರುಗುವ ಅಡ್ಡರಸ್ತೆ ಸಿಗುವವರೆಗೆ ಹೋಗಿ, ಅಲ್ಲಿ ನಿಲ್ಲಿಸಿ ನಡೆದು ಬನ್ನಿ. ಎಲ್ಲರೂ ಎಡಬಾಗಿಲಿನಿಂದಲೇ ಇಳಿಯಿರಿ. ಹಿಂದಿನ ದಿನ ಮಳೆ ಬಂದಿದ್ದರೆ ಚಕ್ರವನ್ನು ಮಣ್ಣಿಗೆ ಇಳಿಸಬೇಡಿ, ಹೂತರೆ ಎತ್ತಲು ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ.

ಒಂಬತ್ತೂವರೆಯೊಳಗೆ ಮುಗಿಸಿ. ಸೂರ್ಯ ನೆತ್ತಿಗೆ ಬಂದ ಮೇಲೆ ಮುಖಗಳಲ್ಲೆಲ್ಲ ನೆರಳು ಬೀಳುತ್ತದೆ.

ನಾಲ್ಕನೆಯದು: ಕೇಳಿ ಒಳಗೆ ಹೋಗಿ

ಅದು ಉದ್ಯಾನವಲ್ಲ, ಒಬ್ಬರ ಬೆಳೆ. ಹೊಲದಲ್ಲಿ ಯಾರಿದ್ದಾರೆಂದು ನೋಡಿ, ‘ಅಣ್ಣಾ, ಬದುವಿನ ಮೇಲೆ ನಿಂತು ಫೋಟೊ ತೆಗೆದುಕೊಳ್ಳಬಹುದಾ?’ ಎಂದು ಕೇಳಿ. ಹಲವರು ತಲೆಗೆ ಇಷ್ಟೆಂದು ಸಣ್ಣ ಮೊತ್ತ ಪಡೆಯುತ್ತಾರೆ. ಚೌಕಾಸಿ ಮಾಡದೆ ಕೊಟ್ಟುಬಿಡಿ, ಹಿಂದೆ ಬಂದವರು ತುಳಿದ ಸಾಲುಗಳ ನಷ್ಟವನ್ನು ಅವರು ಹೊತ್ತಿರುತ್ತಾರೆ.

ಒಂದು ಮಾತನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿ ಕರೆತನ್ನಿ. ಇಲ್ಲಿ ಬೆಳೆಯುವ ಸೂರ್ಯಕಾಂತಿಯಲ್ಲಿ ಒಂದು ಗಿಡಕ್ಕೆ ಒಂದೇ ತೆನೆ. ಕೂದಲಿಗೆ ಮುಡಿಯಲೆಂದು ಒಂದು ಹೂ ಕಿತ್ತರೆ ಆ ಗಿಡದ ಅಷ್ಟೂ ಫಸಲು ಹೋಯಿತು. ಗುಲಾಬಿಯ ಹಾಗೆ ಇನ್ನೊಂದು ಬರುವುದಿಲ್ಲ. ಮೂರು ತಿಂಗಳು ಮಳೆ ನಂಬಿ ಕೂತವರ ಕಣ್ಣೆದುರು ಅದನ್ನು ಕೀಳುವುದನ್ನು ನಾನು ಸಹಿಸಲಾರೆ.

ಸಾಲಿನ ಒಳಕ್ಕೆ ಹೋಗುವುದರಿಂದ ಚಿತ್ರಕ್ಕೂ ಲಾಭವಿಲ್ಲ. ಗಿಡ ನಾಲ್ಕೈದು ಅಡಿ ಎತ್ತರವಿರುತ್ತದೆ, ಮಗು ಅದರೊಳಗೆ ಮುಳುಗಿಹೋಗುತ್ತದೆ, ಒರಟು ಎಲೆಗಳಿಂದ ಕೈಕಾಲು ತರಚುತ್ತದೆ. ಬದುವಿನ ಮೇಲೆ ನಿಂತರೆ ಹೂವಿಗೂ ಮಗುವಿಗೂ ಎತ್ತರ ಸರಿಹೋಗುತ್ತದೆ. ಹಳದಿ ಬಟ್ಟೆ ಬೇಡ. ನೀಲಿ, ಬಿಳಿ, ಕುಂಕುಮ ಬಣ್ಣ ಎದ್ದು ಕಾಣುತ್ತವೆ. ಮೊಬೈಲಿನಲ್ಲಿ ಹಳದಿ ಹೊಳೆದು ದಳದ ಗೆರೆಗಳೇ ಮಾಯವಾಗುತ್ತವೆ. ಪರದೆಯ ಮೇಲೆ ಹೂವನ್ನು ಮುಟ್ಟಿ, ಬೆಳಕನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಅಷ್ಟೇ ಸಾಕು, ಬಣ್ಣ ಏರಿಸುವ ಆ್ಯಪ್‌ಗಳನ್ನು ಮುಟ್ಟಬೇಡಿ. ದಾರಿಬದಿಯಲ್ಲಿ ಮಾರುವ ಅಗ್ಗದ ಪ್ಲಾಸ್ಟಿಕ್ ಸೆಲ್ಫಿ ಕೋಲನ್ನೂ ಕೊಳ್ಳಬೇಡಿ. ನಾನು ಕೊಂಡದ್ದರ ಹಿಡಿ ಮೊದಲ ಗಾಳಿಗೇ ಸಡಿಲವಾಗಿ ಮೊಬೈಲ್ ಕಲ್ಲಿನ ಮೇಲೆ ಬಿತ್ತು.

ಬೆಳಿಗ್ಗೆ ಜೇನುಹುಳುಗಳು ಕೆಲಸದಲ್ಲಿರುತ್ತವೆ. ಸುಮ್ಮನೆ ನಡೆದರೆ ಅವು ನಮ್ಮ ತಂಟೆಗೆ ಬರುವುದಿಲ್ಲ. ಕೈ ಬೀಸಬೇಡಿ, ಆ ದಿನ ಸೆಂಟು ಹಾಕಿಕೊಳ್ಳಬೇಡಿ. ಔಷಧಿ ಸಿಂಪಡಿಸಿದ್ದಾರೆಯೇ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಮಕ್ಕಳಿಗೆ ಗಿಡ ಮುಟ್ಟಲು ಬಿಡಿ.

ಐದನೆಯದು: ಉಳಿದ ದಿನ

ಊಟಕ್ಕೆ ಪುಳಿಯೋಗರೆ ಕಟ್ಟಿಕೊಳ್ಳಿ, ಕೆಡುವುದಿಲ್ಲ. ಎಲೆ, ಲೋಟ, ಚೀಲ ಎಲ್ಲವನ್ನೂ ವಾಪಸು ತನ್ನಿ.

ಹತ್ತರ ನಂತರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬಹುದು. ಗುಂಡ್ಲುಪೇಟೆಗೆ ಮರಳಿ ಊಟಿ ರಸ್ತೆ ಹಿಡಿದು, ಹಂಗಳದಲ್ಲಿ ಬಲಕ್ಕೆ ತಿರುಗಬೇಕು. 1,454 ಮೀಟರ್ ಎತ್ತರದ ಬೆಟ್ಟ, ಬಂಡೀಪುರದ ಕಾಡಿನೊಳಗಿದೆ. ಸ್ವಂತ ವಾಹನವನ್ನು ತಪ್ಪಲಿನಲ್ಲೇ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗಬೇಕು. ಜುಲೈನಲ್ಲಿ ಮೇಲೆ ಗಾಳಿ ಕೊರೆಯುತ್ತದೆ, ಅಜ್ಜಿಗೊಂದು ಶಾಲು ಇರಲಿ. ಗುಂಡ್ಲುಪೇಟೆಯಿಂದ ಮುಂದೆ ಊಟಿ ಅಥವಾ ವಯನಾಡಿಗೆ ಹೋಗುವ ಆಸೆಯಿದ್ದರೆ ನೆನಪಿಡಿ: ಕಾಡಿನೊಳಗಿನ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮಕ್ಕಳಿರುವ ಕುಟುಂಬ ಸಂಜೆ ಐದರೊಳಗೆ ಕಾಡಂಚು ಬಿಟ್ಟು ಹೊರಡುವುದು ಒಳ್ಳೆಯದು.

ಬರುವಾಗ ನೀವು ನಿಂತ ಹೊಲದವರ ಬಳಿ ಸಾಂಬಾರ್ ಈರುಳ್ಳಿಯೋ ಅರಿಶಿನವೋ ಇದ್ದರೆ ಅವರಿಂದಲೇ ಕೊಳ್ಳಿ. ಪೇಟೆಯಲ್ಲಿ ಸಿಗುವುದಕ್ಕಿಂತ ಅದು ತಾಜಾ ಇರುತ್ತದೆ, ಹಣವೂ ನೇರವಾಗಿ ಅವರ ಕೈಸೇರುತ್ತದೆ.

ಮನೆಗೆ ಬಂದ ಮೇಲೆ ಬಟ್ಟೆಯ ಮೇಲೆ ಹಳದಿ ಪರಾಗ ಅಂಟಿರುವುದು ಕಾಣುತ್ತದೆ. ಕೂಡಲೇ ನೀರು ಹಾಕಿ ಉಜ್ಜಿದರೆ ಕಲೆ ನೂಲಿಗೆ ಇಳಿದು ಕೂರುತ್ತದೆ. ನನ್ನ ಮಗಳ ಬಿಳಿ ಲಂಗ ಹಾಗೆಯೇ ಹಾಳಾಯಿತು. ಮೊದಲು ಒಣಗಿದ ಬಟ್ಟೆಯನ್ನೇ ಚೆನ್ನಾಗಿ ಕೊಡವಿ, ಉಳಿದದ್ದನ್ನು ಅಂಟುಪಟ್ಟಿ ಒತ್ತಿ ಎತ್ತಿ ತೆಗೆಯಿರಿ. ಆಮೇಲೆ ತಣ್ಣೀರಿನಲ್ಲಿ ನೆನೆಹಾಕಿ.