ಸೊನ್ನೆ ಸರಿ, ರೀಡಿಂಗ್ ಮಾತ್ರ ಕಡಿಮೆ: ಮೀಥೇನ್ ಡಿಟೆಕ್ಟರ್ ಸರಿಪಡಿಸಿದ್ದು

ಶುದ್ಧ ಗಾಳಿಯಲ್ಲಿ 0.0 ತೋರಿಸುತ್ತಿದ್ದ ಮೀಟರ್, 2.5% ಮೀಥೇನ್ ಕೊಟ್ಟಾಗ 1.6ಕ್ಕೇ ನಿಂತುಬಿಡುತ್ತಿತ್ತು. ಗಣಿಯೊಳಗೆ ಇದಕ್ಕಿಂತ ಅಪಾಯಕಾರಿ ದೋಷ ಇನ್ನೊಂದಿಲ್ಲ. ನೋಡುವವರಿಗೆ ಎಲ್ಲವೂ ಸರಿಯಾಗಿದೆ ಅನಿಸುತ್ತದೆ.

ಮೊದಲು ಪರೀಕ್ಷೆಗೆ ಕೊಡುವ ಅನಿಲದ ಸಿಲಿಂಡರ್ ಲೇಬಲ್ ನೋಡಿದೆ. ಗಾಳಿಯಲ್ಲಿ ಬೆರೆಸಿದ ಮೀಥೇನೇ ಬೇಕು. ನೈಟ್ರೋಜನ್‌ನಲ್ಲಿ ಬೆರೆಸಿದ್ದಾದರೆ ಆಮ್ಲಜನಕವಿಲ್ಲದೆ ಸೆನ್ಸರ್ ಮಣಿಯ (ಅನಿಲವನ್ನು ಉರಿಸಿ ಅಳೆಯುವ ಪುಟ್ಟ ಬಿಸಿ ಗುಂಡು) ಮೇಲೆ ಅನಿಲ ಉರಿಯುವುದೇ ಇಲ್ಲ. ಲೇಬಲ್ ಸರಿಯಿತ್ತು. ಹರಿವು ನಿಮಿಷಕ್ಕೆ 0.5 ಲೀಟರ್, ಕೊಳವೆಯಲ್ಲಿ ಸೋರಿಕೆಯಿಲ್ಲ. ಫಿಲ್ಟರ್ ತುಂಬ ಕಲ್ಲಿದ್ದಲ ಧೂಳು ಕಟ್ಟಿತ್ತು. ಬದಲಿಸಿದ ಮೇಲೆ ರೀಡಿಂಗ್ ಬೇಗ ಏರಿತಾದರೂ 1.7 ದಾಟಲಿಲ್ಲ.

ಅಂದರೆ ಮಣಿಯ ವೇಗವರ್ಧಕವೇ ಕೆಟ್ಟಿದೆ. ಕಾರಣ, ಮೀಟರಿನ ಚರ್ಮದ ಕವಚಕ್ಕೆ ಹೊಡೆದಿದ್ದ ಸಿಲಿಕೋನ್ ಪಾಲಿಶ್. ಅದರ ಆವಿ ಮಣಿಯ ಮೇಲೆ ಪದರ ಕಟ್ಟುತ್ತದೆ, ಒರೆಸಿದರೆ ಹೋಗುವಂಥದ್ದಲ್ಲ. ಸ್ಪ್ಯಾನ್ (ಕೊಟ್ಟ ಅನಿಲಕ್ಕೆ ತಕ್ಕಂತೆ ರೀಡಿಂಗ್ ಹೊಂದಿಸುವ ಸೆಟ್ಟಿಂಗ್) ಏರಿಸಿ 2.5 ತೋರಿಸುವಂತೆ ಮಾಡಬಹುದು, ಮಾಡಬೇಡಿ: ಕುಸಿಯುತ್ತಿರುವ ಸೆನ್ಸರ್ ಮತ್ತೆ ಕುಸಿಯುತ್ತದೆ.

ಮೀಟರನ್ನು ನೆಲದ ಮೇಲಿನ ವರ್ಕ್‌ಶಾಪ್‌ನಲ್ಲಿ ಬಿಚ್ಚಿ (ಗಣಿಯೊಳಗೆ ಎಂದೂ ಬಿಚ್ಚಬಾರದು), ಅದೇ ಮಾದರಿಗೆ ಅನುಮೋದಿತ ಹೊಸ ಸೆನ್ಸರ್ ಹಾಕಿದೆ. ಕೈಪಿಡಿ ಹೇಳಿದಷ್ಟು ಹೊತ್ತು ಬಿಸಿಯಾಗಲು ಬಿಟ್ಟು, ಶುದ್ಧ ಗಾಳಿಯಲ್ಲಿ ಝೀರೋ, ಆಮೇಲೆ ಸ್ಪ್ಯಾನ್. ಈಗ 2.5ಕ್ಕೆ 2.5. ಕವಚವನ್ನೂ ಬದಲಿಸಿದೆ, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಝೀರೋ ನೋಡಿ ಸುಮ್ಮನಾಗಬೇಡಿ. ಪ್ರತಿ ಪಾಳಿಗೆ ಮುನ್ನ ಅನಿಲ ಕೊಟ್ಟು ಮೀಟರ್ ಸರಿಯಾಗಿ ಸ್ಪಂದಿಸುತ್ತದೆಯೇ ಎಂದು ನೋಡುವ ಬಂಪ್ ಟೆಸ್ಟ್ ಮಾಡಿ.