ಏಪ್ರಿಲ್ ಟೆಸ್ಟ್‌ಗೆ ಸೆಪ್ಟೆಂಬರ್‌ನಲ್ಲೇ ಕೂರಬೇಕು

ನಾನು ಅಮೆರಿಕದ ಒಂದು ಮಿಡ್ಲ್ ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಟೆಸ್ಟ್ ಕೋಆರ್ಡಿನೇಟರ್ ಕೆಲಸವೂ ನನ್ನ ಹೆಗಲಿಗೇ ಬಿದ್ದು ಒಂಬತ್ತು ವರ್ಷವಾಯಿತು. ಇಲ್ಲಿನ ಶಾಲೆಗಳಿಗೆ ಹೊಸದಾಗಿ ಸೇರಿದ ಕನ್ನಡದ ಶಿಕ್ಷಕರು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಅಕಾಮಡೇಶನ್‌ಗಳದ್ದೇ, ಅಂದರೆ ಅಂಗವೈಕಲ್ಯ ಇರುವ ಅಥವಾ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ರಾಜ್ಯದ ಏಪ್ರಿಲ್ ಟೆಸ್ಟ್‌ನಲ್ಲಿ ಕೊಡುವ ಸೌಲಭ್ಯಗಳದ್ದು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಂದರೆ ಇದ್ದ ಏಳನೇ ತರಗತಿಯ ಒಬ್ಬ ಹುಡುಗ. ಗಣಿತದ ಟೆಸ್ಟ್‌ನಲ್ಲಿ ಪ್ರಶ್ನೆಗಳನ್ನು ಓದಿ ಹೇಳಿದೆ, ಎಲ್ಲ ಸರಿಯಾಯಿತು. ಮಾರನೇ ದಿನ ಇಂಗ್ಲಿಷ್ ಟೆಸ್ಟ್‌ನಲ್ಲಿ ಗದ್ಯಭಾಗವನ್ನೂ ಓದಿಬಿಟ್ಟೆ. ಅವನ ಐಇಪಿಯಲ್ಲಿ (ಆ ಮಗುವಿಗೆಂದೇ ಶಾಲೆ ಬರೆದಿಡುವ ಕಲಿಕೆಯ ಯೋಜನೆ) ಇಂಗ್ಲಿಷ್ ಟೆಸ್ಟ್‌ಗೆ ಪ್ರಶ್ನೆ ಮಾತ್ರ ಓದಬೇಕು ಅಂತ ಇತ್ತು. ಅಂಕ ರದ್ದಾಯಿತು. ತಪ್ಪು ನನ್ನದು, ನಷ್ಟ ಅವನದು.

ಗಣಿತದ ಟೆಸ್ಟ್ ಅಳೆಯುವುದು ಲೆಕ್ಕವನ್ನು. ಓದಿ ಹೇಳಿದರೆ ಲೆಕ್ಕ ಸುಲಭವಾಗುವುದಿಲ್ಲ, ಲೆಕ್ಕದ ಹತ್ತಿರ ಹೋಗಲು ದಾರಿ ಸಿಗುತ್ತದೆ ಅಷ್ಟೇ. ಓದುವ ಟೆಸ್ಟ್ ಅಳೆಯುವುದೇ ಓದನ್ನು. ಅಲ್ಲಿ ನಾವೇ ಓದಿದರೆ ಅಳೆಯಲು ಏನು ಉಳಿಯಿತು? ಯಾವ ಸೌಲಭ್ಯದ ಬಗ್ಗೆ ಗೊಂದಲವಾದರೂ ಇದೊಂದನ್ನೇ ಕೇಳಿಕೊಳ್ಳಿ: ಈ ಟೆಸ್ಟ್ ಏನನ್ನು ಅಳೆಯುತ್ತಿದೆ? ಆಮೇಲೆ ರಾಜ್ಯದ ಕೈಪಿಡಿ ತೆಗೆದು ನೋಡಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಈಗ ಸೆಪ್ಟೆಂಬರ್ ಕೆಲಸ. ಕಾಗದ ಮೂರು ಬಗೆ. ಐಡಿಇಎ ಎಂಬ ಫೆಡರಲ್ ವಿಶೇಷ ಶಿಕ್ಷಣ ಕಾಯ್ದೆಯಡಿ ವಿಶೇಷ ಶಿಕ್ಷಣ ಪಡೆಯುವ ಮಕ್ಕಳಿಗೆ ಐಇಪಿ. ವಿಶೇಷ ಶಿಕ್ಷಣ ಬೇಕಿಲ್ಲ, ಆದರೆ ಅಂಗವೈಕಲ್ಯವೋ ದೀರ್ಘ ಕಾಯಿಲೆಯೋ ಇದೆ ಎನ್ನುವವರಿಗೆ 504 ಪ್ಲಾನ್. ಆ 504 ಎಂಬುದು 1973ರ ರಿಹ್ಯಾಬಿಲಿಟೇಶನ್ ಕಾಯ್ದೆಯ ಸೆಕ್ಷನ್ ನಂಬರ್. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಪಟ್ಟಿ ಬೇರೆ, ಅದು ಅವರಿಗೆ ಇಂಗ್ಲಿಷ್ ಕಲಿಸುವ ಇಎಸ್‌ಎಲ್ ಟೀಚರ್ ಹತ್ತಿರ ಇರುತ್ತದೆ. ಒಂದೇ ಮಗು ಎರಡು ಕಡೆಯೂ ಇರಬಹುದು. ಆಗ ಐಇಪಿ ಮೀಟಿಂಗ್‌ಗೆ ಇಎಸ್‌ಎಲ್ ಟೀಚರನ್ನು ಕರೆಯಲೇಬೇಕು. ಇದನ್ನು ಮರೆಯುವವರೇ ಜಾಸ್ತಿ.

ಎಲ್ಲವನ್ನೂ ಒಂದೇ ಶೀಟ್‌ಗೆ ಇಳಿಸಿ: ಮಗು, ವಿಷಯ, ಸೌಲಭ್ಯ, ಕೊಡುವವರು ಯಾರು, ಯಾವ ಕೋಣೆ. 'ಎಕ್ಸ್‌ಟ್ರಾ ಟೈಮ್' ಅಂತ ಮಾತ್ರ ಇದ್ದರೆ ವಾಪಸ್ ಕಳಿಸಿ. ಒಂದೂವರೆ ಪಟ್ಟಾದರೆ ಅರವತ್ತು ನಿಮಿಷಕ್ಕೆ ತೊಂಬತ್ತು, ಎರಡು ಪಟ್ಟಾದರೆ ನೂರಿಪ್ಪತ್ತು. ಟೆಸ್ಟ್ ಕೋಣೆಯ ಮೇಲ್ವಿಚಾರಕರು, ಅಂದರೆ ಪ್ರಾಕ್ಟರ್, ಅದನ್ನು ಊಹಿಸುವಂತಾಗಬಾರದು. 'ಅಗತ್ಯವಿದ್ದಾಗ' ಎಂಬ ಪದ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರಿಗೆ ಅಗತ್ಯ, ಯಾರು ತೀರ್ಮಾನ ಮಾಡಬೇಕು?

ಅಕ್ಟೋಬರ್‌ನಿಂದ ಸಣ್ಣ ಸಣ್ಣ ಕ್ಲಾಸ್ ಟೆಸ್ಟ್‌ಗಳಲ್ಲೂ ಅದೇ ಸೌಲಭ್ಯ ಕೊಡಿ. ಒಂದು ವರ್ಷ ಟೆಸ್ಟ್ ದಿನವೇ ಮೊದಲ ಸಲ ಪ್ರಶ್ನೆ ಓದಿ ಹೇಳುವ ಕಂಪ್ಯೂಟರ್ ದನಿ ಕೇಳಿದ ಹುಡುಗಿಯೊಬ್ಬಳು ಹತ್ತು ನಿಮಿಷಕ್ಕೇ ಹೆಡ್‌ಫೋನ್ ಕಿತ್ತಿಟ್ಟಳು. ಅಭ್ಯಾಸವಿಲ್ಲದ ಸೌಲಭ್ಯ ಇನ್ನೊಂದು ತೊಂದರೆ, ಅಲ್ವಾ? ಅಭ್ಯಾಸ ಮಾಡಿಸಿದರೆ ಯಾವುದು ಬೇಡ ಎನ್ನುವುದೂ ಗೊತ್ತಾಗುತ್ತದೆ. ಒಬ್ಬನ ಪಟ್ಟಿಯಲ್ಲಿ ಹನ್ನೊಂದು ಇದ್ದವು, ಅವನು ಬಳಸುತ್ತಿದ್ದದ್ದು ಎರಡೇ. ಐಇಪಿಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಲೇಬೇಕು. ಆ ಮೀಟಿಂಗ್‌ನಲ್ಲಿ ಮಿಕ್ಕ ಒಂಬತ್ತರ ಮಾತು ಎತ್ತಿ.

ಇಂಗ್ಲಿಷ್ ಕಲಿಯುವವರಿಗೆ ಹೆಚ್ಚಾಗಿ ಸಿಗುವುದು ಎರಡು ಭಾಷೆಯ ಪದಕೋಶ. ಇಂಗ್ಲಿಷ್ ಪದಕ್ಕೆ ಅವರ ಭಾಷೆಯ ಪದ ಮಾತ್ರ ಇರಬೇಕು, ವಿವರಣೆ ಇರಬಾರದು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳಿಗೆ ಭಾಗಾಕಾರ ಚೆನ್ನಾಗಿಯೇ ಬರುತ್ತಿತ್ತು, 'ಕೋಶೆಂಟ್' ಎಂಬ ಪದ ಮಾತ್ರ ಗೊತ್ತಿರಲಿಲ್ಲ. 'ಭಾಗಲಬ್ಧ' ಅಂತ ನೋಡಿದಳು, ಕೆಲಸ ಮುಗಿಯಿತು. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬಾರದ ಮಗುವಿಗೆ ಇದೇ ಪುಸ್ತಕ ಸುಮ್ನೆ ಭಾರ. ಹಾಗಾಗಿ ಯಾವ ಭಾಷೆ ಎನ್ನುವುದರ ಜೊತೆಗೆ ಆ ಭಾಷೆಯಲ್ಲಿ ಓದಲು ಬರುತ್ತದೆಯಾ ಅಂತಲೂ ಕೇಳಿ. ಪದಕೋಶ ಕೊಟ್ಟರೆ ಹೆಚ್ಚಿನ ಸಮಯವೂ ಬೇಕು, ಪುಟ ತಿರುಗಿಸಿ ಹುಡುಕಬೇಕಲ್ಲ.

ಇಂಗ್ಲಿಷ್ ಎಷ್ಟು ಬಂದಿದೆ ಎಂದು ವರ್ಷಕ್ಕೊಮ್ಮೆ ನೋಡುವ ಟೆಸ್ಟ್‌ಗೆ ಈ ಪದಕೋಶ ನಡೆಯುವುದಿಲ್ಲ, ಅಲ್ಲಿ ಅಳೆಯುವುದೇ ಇಂಗ್ಲಿಷನ್ನು. ಐಇಪಿ ಅಥವಾ 504ರಿಂದ ಬಂದ ಸೌಲಭ್ಯಗಳು ಮಾತ್ರ, ಆ ಟೆಸ್ಟ್‌ನ ನಿಯಮ ಒಪ್ಪುವಷ್ಟು ಮಟ್ಟಿಗೆ, ಅಲ್ಲೂ ಸಿಗುತ್ತವೆ. ಇನ್ನು ದೇಶಕ್ಕೆ ಬಂದು ಹನ್ನೆರಡು ತಿಂಗಳಾಗದ ಮಕ್ಕಳಿಗೆ ಇಂಗ್ಲಿಷ್ ಓದಿನ ಟೆಸ್ಟ್‌ನಿಂದ ಒಂದು ಸಲ ವಿನಾಯಿತಿ ಕೊಡಲು 2015ರ ಫೆಡರಲ್ ಕಾಯ್ದೆ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಗಣಿತಕ್ಕೆ ಆ ವಿನಾಯಿತಿ ಇಲ್ಲ.

ತಂದೆತಾಯಿಗೆ ಒಂದು ಮಾತು. ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಕೇಳುತ್ತಾರೆ. ಮಗುವನ್ನು ಹಿಂದೆ ಕೂರಿಸುತ್ತಾರೆ ಎಂದು ಹೆದರಿ 'ಇಂಗ್ಲಿಷ್' ಅಂತ ಬರೆಯಬೇಡಿ. ಆ ಉತ್ತರ ನೋಡಿಯೇ ಮಗುವಿಗೆ ಸಹಾಯ ಬೇಕೋ ಬೇಡವೋ ಎಂದು ಶಾಲೆ ಪರೀಕ್ಷಿಸುತ್ತದೆ.

ಟೆಸ್ಟ್‌ನ ಹಿಂದಿನ ದಿನ ಕಂಪ್ಯೂಟರ್‌ನಲ್ಲಿ ಪ್ರತಿ ಮಗುವಿನ ಟೆಸ್ಟ್ ಖಾತೆಯಲ್ಲಿ ಸೌಲಭ್ಯ ಆನ್ ಆಗಿದೆಯಾ ನೋಡಿ. ಮಗು ಒಳಗೆ ಹೋದ ಮೇಲೆ ಸರಿಮಾಡಲು ಹೊರಟರೆ ಅರ್ಧ ಗಂಟೆ ಹಾಳು. ಯಾರು ಯಾವ ಕೋಣೆಗೆ ಎಂದು ಎಲ್ಲರ ಮುಂದೆ ಕೂಗಬೇಡಿ, ಚೀಟಿ ಕೊಡಿ. ಓದಿ ಹೇಳುವಾಗ ನಾಲ್ಕೂ ಉತ್ತರಗಳಿಗೆ ಒಂದೇ ದನಿ ಇರಲಿ. ಮಕ್ಕಳು ನಮ್ಮ ಹುಬ್ಬು ನೋಡುತ್ತಾ ಕೂತಿರುತ್ತಾರೆ. ನಾನಂತೂ ಸ್ವಲ್ಪ ಓರೆಯಾಗಿ ಕೂತು ಓದುತ್ತೇನೆ.

ಹೈಸ್ಕೂಲಿನವರಿಗೆ: ಕಾಲೇಜು ಸೇರಲು ಬರೆಯುವ ಎಸ್‌ಎಟಿಗೆ ಶಾಲೆಯ ಐಇಪಿ ಇದ್ದರೆ ಸಾಲದು. ಅದನ್ನು ನಡೆಸುವ ಕಾಲೇಜ್ ಬೋರ್ಡ್‌ನ ಒಪ್ಪಿಗೆ ಬೇರೆಯೇ ಬೇಕು, ಅದಕ್ಕೆ ಏಳು ವಾರದವರೆಗೂ ಹಿಡಿಯಬಹುದು.

ಏನು ಕೊಟ್ಟಿರಿ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು ಎಂದು ಅದೇ ದಿನ ಬರೆದಿಡಿ. ಕೆಲವು ಮಕ್ಕಳು, ಅದರಲ್ಲೂ ಎಂಟನೇ ತರಗತಿಯವರು, ಗೆಳೆಯರ ಮುಂದೆ ನಾಚಿಕೊಂಡು ಬೇಡ ಅನ್ನುತ್ತಾರೆ. ಒತ್ತಾಯ ಮಾಡಬೇಡಿ. ಸೌಲಭ್ಯವನ್ನು ಕೈಗೆಟುಕುವಂತೆ ಅಲ್ಲೇ ಇಟ್ಟು, 'ಕೊಟ್ಟೆ, ಬೇಡ ಅಂದ' ಅಂತ ಸಮಯದ ಸಮೇತ ಬರೆಯಿರಿ. ಇಪ್ಪತ್ತು ನಿಮಿಷ ಬಿಟ್ಟು ಹತ್ತಿರ ಹೋಗಿ ಮೆಲ್ಲಗೆ ಇನ್ನೊಮ್ಮೆ ಕೇಳಿ.