ಜೆಲ್ ಮೇಲೆ ಸಾಲು ಹೊಡೆಯುವುದು ಹೇಗೆ

ನಮ್ಮಪ್ಪ ಹಾಸನದ ಹತ್ತಿರ ಆಲೂಗಡ್ಡೆ ಬೆಳೆಯುತ್ತಾರೆ. ಸಾಲು ನೆಟ್ಟಗಿಲ್ಲದಿದ್ದರೆ ಬಿತ್ತನೆ ಗೆಡ್ಡೆ ಮುಟ್ಟಲೂ ಬಿಡುವುದಿಲ್ಲ. ನಾನು ಇಲ್ಲೇ ಒಂದು ಲ್ಯಾಬ್‌ನಲ್ಲಿ ಸ್ನಾಯುವಿನ ಜೀವಕೋಶ ಬೆಳೆಸುತ್ತೇನೆ. ಹೊಸದಾಗಿ ಬರುವ ಮಕ್ಕಳಿಗೆ ನಾನು ಹೇಳುವುದೂ ಅದನ್ನೇ: ಮೊದಲು ಸಾಲು ನೋಡಿ, ಆಮೇಲೆ ಕೋಶ ಹಾಕಿ.

ಬರೀ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳು ದಿಕ್ಕಿಗೊಂದರಂತೆ ಮಲಗುತ್ತವೆ. ಸ್ನಾಯು ಎಳೆಯಬೇಕಾದರೆ ಎಲ್ಲವೂ ಒಂದೇ ದಿಕ್ಕಿಗಿರಬೇಕು, ಅಲ್ವಾ? ತಟ್ಟೆ ತುಂಬಾ ಗಟ್ಟಿ ಬೇರೆ. ಸ್ನಾಯುವಿನಷ್ಟೇ ಮೆದುವಾದ ಜೆಲ್ ಮೇಲೆ ಕಾಂಡಕೋಶಗಳು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳು) ಸ್ನಾಯುಕೋಶವಾಗುವ ಕಡೆಗೆ ತಿರುಗುತ್ತವೆ ಎಂದು 2006ರಲ್ಲೇ ಆಡಮ್ ಎಂಗ್ಲರ್, ಡೆನಿಸ್ ಡಿಷರ್ ಅವರ ತಂಡ ತೋರಿಸಿತ್ತು. ಅದಕ್ಕೇ ಜೆಲಟಿನ್ ಜೆಲ್. ಅದರ ಮೇಲೆ ಅಚ್ಚಿನಿಂದ ಸಣ್ಣ ಸಾಲು ಒತ್ತಿದರೆ ಕೋಶಗಳು ಸಾಲಿನುದ್ದಕ್ಕೇ ಮಲಗುತ್ತವೆ.

ಅಚ್ಚಿಗೆ ಸಿಲಿಕಾನ್ ಬಿಲ್ಲೆ ಬೇಕು. ನಮ್ಮದು ಬೆಂಗಳೂರಿನಲ್ಲಿ ಮಾಡಿಸಿದ್ದು: 10 ಮೈಕ್ರಾನ್ ಬೋದು, 10 ಮೈಕ್ರಾನ್ ಸಾಲು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಬಿಲ್ಲೆಗೆ ಸಿಲೇನ್ ಲೇಪ ಇರಲೇಬೇಕು, ಇಲ್ಲದಿದ್ದರೆ ರಬ್ಬರ್ ಕಚ್ಚಿಕೊಳ್ಳುತ್ತದೆ. ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರನ್ನು ತೂಕದ ಲೆಕ್ಕದಲ್ಲಿ 10ಕ್ಕೆ 1 ಗಟ್ಟಿಕಾರಕ ಸೇರಿಸಿ ಬಿಲ್ಲೆಯ ಮೇಲೆ ಸುರಿಯಿರಿ. ವ್ಯಾಕ್ಯೂಮ್‌ನಲ್ಲಿಟ್ಟು ಗುಳ್ಳೆ ತೆಗೆಯಿರಿ. 65 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು, ನಿಧಾನವಾಗಿ ಸುಲಿಯಿರಿ. ಆ ರಬ್ಬರೇ ಅಚ್ಚು.

ಜೆಲ್‌ನಲ್ಲೇ ಎಲ್ಲರೂ ಎಡವುವುದು. 20% ಜೆಲಟಿನ್ ದ್ರಾವಣ, 8% ಟ್ರಾನ್ಸ್‌ಗ್ಲುಟಾಮಿನೇಸ್ (ಜೆಲಟಿನ್ ಎಳೆಗಳನ್ನು ಹೆಣೆದು ಕರಗದಂತೆ ಹಿಡಿಯುವ) ಕಿಣ್ವದ ದ್ರಾವಣ, ಎರಡನ್ನೂ ಸಮ ಅಳತೆಯಲ್ಲಿ ಬೆರೆಸಬೇಕು. ಜೆಲಟಿನ್ 45 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಬೆರೆಸಿ, ಜಾಸ್ತಿ ಬಿಸಿಯಿದ್ದರೆ ಕಿಣ್ವ ಸಾಯುತ್ತದೆ. ಮೊದಲ ಸಲ ನಾನು ಕಿಣ್ವ ಕಡಿಮೆ ಹಾಕಿದ್ದೆ. 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಬೆಳಗಾಗುವಷ್ಟರಲ್ಲಿ ಜೆಲ್ ಕರಗಿ ನೀರಾಗಿತ್ತು, ವಾರದ ಕೋಶಗಳೆಲ್ಲ ಹೋದವು. ನಮ್ಮೂರಿನ ಡಿಸೆಂಬರ್ ಚಳಿಯಲ್ಲಿ ಇನ್ನೊಂದು ಕಾಟ: ಅಚ್ಚು ಒತ್ತುವ ಮುಂಚೆಯೇ ಜೆಲಟಿನ್ ಹೆಪ್ಪುಗಟ್ಟುತ್ತದೆ. ತಟ್ಟೆ, ಅಚ್ಚು ಎರಡನ್ನೂ ಬೆಚ್ಚಗೆ ಮಾಡಿಕೊಳ್ಳಿ. ತಟ್ಟೆಗೆ ಜೆಲ್ ಸುರಿದು ಅಚ್ಚು ಒತ್ತಿ, ಮೇಲೆ ಸಣ್ಣ ಭಾರ ಇಟ್ಟು, ಒದ್ದೆ ಟಿಶ್ಯೂ ಹಾಕಿದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಡಿ. ಮಾರ್ಚ್‌ನಲ್ಲಿ ಒದ್ದೆ ಟಿಶ್ಯೂ ಇಲ್ಲದಿದ್ದರೆ ಅಂಚು ಒಣಗಿ ಸುರುಟುತ್ತದೆ. ಬೆಳಗ್ಗೆ ನೀರಲ್ಲಿ ನೆನೆಸಿ, ಸಾಲಿನ ಉದ್ದಕ್ಕೆ ಎಳೆದು ಅಚ್ಚು ಬಿಡಿಸಿ. ಅಡ್ಡಕ್ಕೆ ಎಳೆದರೆ ಬೋದು ಹರಿಯುತ್ತದೆ.

ಈಗ ಪರೀಕ್ಷೆ. ಜೆಲ್ ಮೇಲಿನ ನೀರು ಬಸಿದು, ಕೆಂಪು ಲೇಸರ್ ಪಾಯಿಂಟರನ್ನು ಅದರ ಮೂಲಕ ಗೋಡೆಗೆ ಬಿಡಿ. ಸಾಲು ಸರಿಯಾಗಿ ಬಂದಿದ್ದರೆ ಗೋಡೆಯ ಮೇಲೆ ರಂಗೋಲಿ ಚುಕ್ಕಿಯಂತೆ ಒಂದೇ ಗೆರೆಯಲ್ಲಿ ಕೆಂಪು ಚುಕ್ಕಿಗಳು ಬೀಳುತ್ತವೆ. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಚುಕ್ಕಿಗಳ ನಡುವೆ ಸುಮಾರು 3 ಸೆಂ.ಮೀ. ಇರಬೇಕು. ಚುಕ್ಕಿ ಮಸುಕಾಗಿ ಹರಡಿದರೆ ಆ ಜೆಲ್ ಬಿಸಾಡಿ. ಸುಮ್ನೆ ಕೋಶ ಹಾಳುಮಾಡಬೇಡಿ.

ಆಮೇಲೆ ಸೂಕ್ಷ್ಮಾಣು ಸಾಯಲು ಯುವಿ ಬೆಳಕು, ಮೂರು ಸಲ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆಯುವುದು, ನಂತರ ಕೋಶ. ನಾವು ಇಲಿಯ ಸಿ2ಸಿ12 ಎಂಬ ಎಳೆಯ ಸ್ನಾಯುಕೋಶ ಬಳಸುತ್ತೇವೆ. ಜೆಲಟಿನ್‌ಗೆ ಕೋಶ ತಾನಾಗೇ ಅಂಟುತ್ತದೆ, ಬೇರೆ ಪ್ರೋಟೀನ್ ಬಳಿಯಬೇಕಿಲ್ಲ. ಕೋಶಗಳು ಬೆಳೆದು ತಟ್ಟೆ ತುಂಬಿದ ಮೇಲೆ ಅವುಗಳ ಪೋಷಕ ದ್ರವವನ್ನು 2% ಕುದುರೆ ಸೀರಂ ಇರುವುದಕ್ಕೆ ಬದಲಿಸಿ. ಐದಾರು ದಿನಕ್ಕೆ ಕೋಶಗಳು ಒಂದಕ್ಕೊಂದು ಬೆಸೆದು, ಸಾಲಿನುದ್ದಕ್ಕೂ ಉದ್ದುದ್ದ ನಾಳಗಳಾಗುತ್ತವೆ. ಮೊದಲ ಸಲ ಅದನ್ನು ನೋಡಿದಾಗ ಅಪ್ಪನಿಗೆ ಫೋಟೋ ಕಳಿಸಿದೆ. "ಸಾಲು ನೆಟ್ಟಗಿದೆ ಕಣವ್ವ" ಅಂದರು.